ಗಂಗೆಯ ಪಾಲು, ಕಾವೇರಿಯ ಪಾಠ

1996ನೆಯ ಇಸವಿ ಡಿಸೆಂಬರ್ 12ರಂದು ದಿಲ್ಲಿಯಲ್ಲಿ ಗಂಗಾಜಲದ ಹಂಚಿಕೆಯನ್ನು ಕುರಿತ ಒಪ್ಪಂದವೊಂದಕ್ಕೆ ಸಹಿಯಾಯಿತು. ಬಾಂಗ್ಲಾದೇಶದ ಪರವಾಗಿ ಪ್ರಧಾನಿ ಶೇಖ್ ಹಸೀನಾ ಅವರೂ ಭಾರತದ ಪರವಾಗಿ ಪ್ರಧಾನಿ ಎಚ್. ಡಿ. ದೇವೇಗೌಡರೂ ಸಹಿ ಹಾಕಿದರು. ಹೇಮಾವತಿಯ ದಡದ ಹೊಳೆನರಸೀಪುರದ ಸೀಮೆಯಲ್ಲಿ ಬೆಳೆದು, ರಾಜ್ಯದ ನೀರಾವರಿ ಖಾತೆಯನ್ನು ನಿರ್ವಹಿಸಿದ್ದ ಕನ್ನಡಿಗರೊಬ್ಬರು ಗಂಗೆಯನ್ನು ನೆರೆರಾಷ್ಟ್ರದೊಡನೆ ಹಂಚಿಕೊಂಡರೆಂಬ ಸಂಗತಿಯನ್ನು ದಿಲ್ಲಿಯ ಕನ್ನಡಿಗರಾದ ನಾವು ಅಷ್ಟಾಗಿ ನೆನೆಯುವುದಿಲ್ಲ. ಆ ಒಪ್ಪಂದದ ಅವಧಿ 30 ವರ್ಷ. ಅದು ತುಂಬುವುದು 2026ರ ಡಿಸೆಂಬರಿನಲ್ಲಿ. ಮುಂದೇನೆಂಬ ಪ್ರಶ್ನೆ ನಮಗೂ ಸಂಬಂಧಿಸಿದ್ದೇ ಆಗಿದೆ.

ವಿವಾದದ ಮೂಲ ಫರಕ್ಕಾ. ಕಲಕತ್ತೆಯ ಬಂದರು ಹೂಳಿನಿಂದ ಮುಚ್ಚಿಹೋಗಬಾರದೆಂದು, ಗಂಗೆಯ ಒಂದು ಪಾಲನ್ನು ಹೂಗ್ಲಿಗೆ ತಿರುಗಿಸಲು ಪಶ್ಚಿಮ ಬಂಗಾಳದ ಈ ಊರಿನಲ್ಲಿ ಕಟ್ಟಿದ ಅಡ್ಡಗಟ್ಟೆಯು 1975ರಲ್ಲಿ ಕಾರ್ಯಾರಂಭ ಮಾಡಿತು. ಬೇಸಗೆಯಲ್ಲಿ ತಮ್ಮ ನದಿ ಬತ್ತುವುದೆಂದೂ ಸಮುದ್ರದ ಉಪ್ಪುನೀರು ಒಳನುಗ್ಗುವುದೆಂದೂ ಬಾಂಗ್ಲಾ ಜನ ಮೊರೆಯಿಟ್ಟರು. 1976ರ ಮೇ ತಿಂಗಳಿನಲ್ಲಿ ಮೌಲಾನಾ ಭಾಸಾನಿಯವರು ಫರಕ್ಕಾದತ್ತ ಭಾರಿ ಮೆರವಣಿಗೆಯನ್ನು ನಡೆಸಿದರು. 1977ರಲ್ಲಿ ಐದು ವರ್ಷಗಳ ಒಪ್ಪಂದವಾಯಿತು. ಬಳಿಕ ತಾತ್ಕಾಲಿಕ ಏರ್ಪಾಡುಗಳಾದುವು. 1988ರ ತರುವಾಯ ಅವೂ ಇಲ್ಲವಾದುವು. ಮುಂದಿನ ಎಂಟು ಬೇಸಗೆಗಳನ್ನು ಕೆಳಗಿನವರು ಯಾವ ಕಾಗದದ ಆಧಾರವೂ ಇಲ್ಲದೆ ಕಳೆದರು.

1996ರ ಒಪ್ಪಂದವು ಜನವರಿ 1ರಿಂದ ಮೇ 31ರ ವರೆಗಿನ ನೀರನ್ನು ಹತ್ತು ಹತ್ತು ದಿನಗಳ ಲೆಕ್ಕದಲ್ಲಿ ಹಂಚುತ್ತದೆ. ಫರಕ್ಕಾದಲ್ಲಿ ಸೆಕೆಂಡಿಗೆ 70,000 ಘನ ಅಡಿ ಅಥವಾ ಅದಕ್ಕಿಂತ ಕಡಿಮೆ ನೀರಿದ್ದರೆ ಇಬ್ಬರಿಗೂ ಸಮಪಾಲು. 75,000ದ ವರೆಗೆ ಬಾಂಗ್ಲಾದೇಶಕ್ಕೆ 35,000, ಉಳಿದುದು ನಮಗೆ. ಅದನ್ನು ಮೀರಿದರೆ ನಮಗೆ 40,000, ಉಳಿದುದು ಅವರಿಗೆ. ನೀರು ಅತಿ ಕಡಿಮೆಯಾಗುವ ಮಾರ್ಚ್ 11ರಿಂದ ಮೇ 10ರ ನಡುವೆ ಸರದಿಯ ಮೇಲೆ ಒಂದೊಂದು ಹತ್ತು ದಿನ ಒಬ್ಬೊಬ್ಬರಿಗೆ 35,000 ಖಚಿತ. ಹರಿವು 50,000ಕ್ಕಿಂತ ಕೆಳಗಿಳಿದರೆ? ಕೂಡಲೇ ಸಮಾಲೋಚನೆ ನಡೆಸತಕ್ಕದ್ದೆಂದಿದೆಯೇ ಹೊರತು, ಆಗ ಪಾಲೆಷ್ಟೆಂದು ಹೇಳಿಲ್ಲ. 1997ರಲ್ಲಿ, ಒಪ್ಪಂದವಾದ ಮೊದಲ ಬೇಸಗೆಯಲ್ಲಿಯೇ, ಹರಿವು ಅಂದಾಜಿಗಿಂತ ಬಹಳ ಕುಗ್ಗಿ ಈ ಕೊರತೆ ಬಯಲಾಯಿತು.

ಇನ್ನೊಂದು ಕೊರತೆಯೂ ಉಂಟು. ಅಳತೆ ನಡೆಯುವುದು ಫರಕ್ಕಾದಲ್ಲಿ; ಅಲ್ಲಿಗೆ ಬರುವ ಮೊದಲೇ ಖರ್ಚಾದ ನೀರು ಹಂಚಿಕೆಯ ಲೆಕ್ಕಕ್ಕೆ ಸೇರುವುದಿಲ್ಲ. 1949ರಿಂದ 1988ರ ವರೆಗಿನ ಸರಾಸರಿ ಹರಿವನ್ನು ಕಾಪಾಡಲು ಮೇಲಿನ ದೇಶವು ಸರ್ವಪ್ರಯತ್ನ ಮಾಡತಕ್ಕದ್ದೆಂದು ಒಪ್ಪಂದ ಹೇಳುತ್ತದೆ. ಆದರೆ ಮೇಲ್ದಂಡೆಯ ನಾಲೆಗಳೂ ನಗರಗಳೂ ಬೆಳೆಯುತ್ತಲೇ ಇವೆ. ನಮ್ಮ ದಿಲ್ಲಿಯೂ ಅವುಗಳಲ್ಲಿ ಒಂದು. ಮೇಲ್ಗಂಗಾ ನಾಲೆಯ ನೀರು ಮುರಾದ್‌ನಗರದಿಂದ ಕೊಳವೆಗಳ ಮೂಲಕ ಸೋನಿಯಾ ವಿಹಾರದ ಶುದ್ಧೀಕರಣ ಕೇಂದ್ರಕ್ಕೆ ಬಂದು ಪೂರ್ವ ಹಾಗೂ ದಕ್ಷಿಣ ದಿಲ್ಲಿಯ ನಲ್ಲಿಗಳನ್ನು ಸೇರುತ್ತದೆ. ಅಲ್ಲಿನ ನಮ್ಮ ಹೋಟೆಲುಗಳಲ್ಲಿ ಸಾಂಬಾರು ಕುದಿಯುವುದೂ ಗಿರಾಕಿಗಳ ಲೋಟ ತುಂಬುವುದೂ ಬಹುಮಟ್ಟಿಗೆ ಈ ನೀರಿನಿಂದಲೇ.

ಯಮುನೆಯ ವಿಷಯದಲ್ಲಾದರೋ ದಿಲ್ಲಿಯೇ ಕೆಳಗಿನವಳು. 2024ರ ಬೇಸಗೆಯಲ್ಲಿ, ಹರಿಯಾಣದಿಂದ ಬರುವ ನೀರಿಗಾಗಿ ದಿಲ್ಲಿ ಸರ್ಕಾರವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ, ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವರಲ್ಲಿ ನಮ್ಮವರೂ ಇದ್ದರು. ಕೆಳಗಿರುವವರ ಕಷ್ಟವೇನೆಂಬುದನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಅವಧಿ ಮುಗಿದ ಬಳಿಕ ಒಮ್ಮತವಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಕಾವೇರಿಯೇ ಸಾಕ್ಷಿ. ಮೈಸೂರು ಮತ್ತು ಮದರಾಸುಗಳ ನಡುವಣ 1924ರ ಒಪ್ಪಂದವು 50 ವರ್ಷಗಳ ತರುವಾಯ ಪುನರ್ವಿಮರ್ಶೆಗೆ ಬರಬೇಕಾಗಿತ್ತು. 1974 ಬಂದುಹೋಯಿತು, ಇಬ್ಬರೂ ಒಪ್ಪುವ ಹೊಸ ಕಾಗದವಾಗಲಿಲ್ಲ. 1990ರಲ್ಲಿ ನ್ಯಾಯಮಂಡಲಿ, 1991ರ ಗಲಭೆ, 2007ರ ಐತೀರ್ಪು, 2018ರ ಸುಪ್ರೀಂ ಕೋರ್ಟಿನ ತೀರ್ಪು: ಇಷ್ಟಾದ ಮೇಲೂ 2023ರಲ್ಲಿ ಮಳೆ ಕೈಕೊಟ್ಟಾಗ ಬೆಂಗಳೂರು ಬಂದ್ ಆಯಿತು. ಬರಗಾಲದ ಪಾಲನ್ನು ಮೊದಲೇ ಗೊತ್ತುಮಾಡಿಕೊಳ್ಳದವರು ಬರ ಬಂದಾಗ ಬೀದಿಗಿಳಿಯಲೇಬೇಕಾಗುತ್ತದೆ.

ಆದುದರಿಂದ ಹೊಸ ಒಪ್ಪಂದದಲ್ಲಿ ಎರಡು ಅಂಶಗಳು ಅವಶ್ಯವೆಂದು ನಮ್ಮ ಅಭಿಪ್ರಾಯ. ನೀರು ತೀರ ಕಡಿಮೆಯಾದಾಗ ಯಾರಿಗೆಷ್ಟೆಂಬುದು ಅಂಕಿಗಳಲ್ಲಿಯೇ ಇರಬೇಕು. ಫರಕ್ಕಾದ ಮೇಲಣ ಬಳಕೆಯ ಲೆಕ್ಕವನ್ನೂ ಮೇಜಿನ ಮೇಲಿಡಬೇಕು. ಇವೆರಡಕ್ಕೂ ರಾಜ್ಯಗಳ ಸಮ್ಮತಿ ಬೇಕಾಗುವುದು. 1996ರಲ್ಲಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಬೆಂಬಲವಾಗಿ ನಿಂತುದರಿಂದ ಕಾರ್ಯ ಸುಗಮವಾಯಿತು. 2011ರಲ್ಲಿ ಮಮತಾ ಬ್ಯಾನರ್ಜಿಯವರು ಒಪ್ಪದುದರಿಂದ ತೀಸ್ತಾ ನದಿಯ ಒಪ್ಪಂದ ಸಹಿಯಾಗದೆ ಉಳಿಯಿತು.

2025ರ ಏಪ್ರಿಲಿನಲ್ಲಿ, ಪಹಲ್ಗಾಮಿನ ಹತ್ಯಾಕಾಂಡದ ಬೆನ್ನಿಗೇ, ಭಾರತವು ಪಾಕಿಸ್ತಾನದೊಡನೆ 1960ರಲ್ಲಿ ಮಾಡಿಕೊಂಡಿದ್ದ ಸಿಂಧೂ ಒಪ್ಪಂದವನ್ನು ಅಮಾನತಿನಲ್ಲಿರಿಸಿತು. ಅಂದಿನಿಂದ ನೆರೆಯವರಿಗೆ ಒಂದು ಹನಿಯನ್ನೂ ಬಿಡಬಾರದೆಂಬ ಮಾತು ಎಲ್ಲ ನದಿಗಳಿಗೂ ಸಲ್ಲುವಂತೆ ಚಹದಂಗಡಿಗಳಲ್ಲಿಯೂ ಕಚೇರಿಗಳಲ್ಲಿಯೂ ಕೇಳಿಬಂದಿದೆ. ಫರಕ್ಕಾದ ಕೆಳಗಿನ ರೈತನು ಆ ಕೃತ್ಯದ ಪಾಲುಗಾರನಲ್ಲ. ಅಂಥ ಮಾತು ಕಿವಿಗೆ ಬಿದ್ದಾಗ, ಕಾವೇರಿಯ ಬರವನ್ನೂ ದಿಲ್ಲಿಯ ಟ್ಯಾಂಕರಿನ ಸಾಲನ್ನೂ ಕಂಡಿರುವ ನಮ್ಮ ವಾಚಕ ಬಾಂಧವರು ಸುಮ್ಮನೆ ತಲೆದೂಗದೆ, ಈ ಲೆಕ್ಕವನ್ನು ನಾಲ್ವರಿಗೆ ತಿಳಿಯಹೇಳಬೇಕೆಂದು ಕೋರುತ್ತೇವೆ.