ಸಾಲವೋ, ಪಾಲುದಾರಿಕೆಯೋ?

ಬಡ್ಡಿಯ ಕುರಿತಾದ ಜುಮಾ ಖುತ್ಬಾ ಮುಗಿದ ಮೇಲೆ ವ್ಯಾಪಾರಿ ಸಹೋದರರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಬ್ಯಾಂಕ್ ಸಾಲ ಬೇಡವೆಂದರೆ ಅಂಗಡಿ ಬೆಳೆಸುವುದು ಹೇಗೆ?" ಕಂಪೆನಿಗಳು ಬಂಡವಾಳ ಹೊಂದಿಸುವ ಬಗೆಯನ್ನು ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ.

ಕಂಪೆನಿಗಳ ಮುಂದಿರುವುದು ಎರಡು ದಾರಿ. ಸಾಲ ತೆಗೆದರೆ ಒಡೆತನ ಪೂರ್ತಿ ತಮ್ಮ ಕೈಯಲ್ಲೇ ಉಳಿಯುತ್ತದೆ. ಬಡ್ಡಿಯನ್ನು ಖರ್ಚೆಂದು ತೋರಿಸಿ ತೆರಿಗೆಯನ್ನೂ ಉಳಿಸಬಹುದು. ಆದರೆ ಲಾಭವಿರಲಿ, ನಷ್ಟವಿರಲಿ, ಕಂತು ಕಟ್ಟಲೇಬೇಕು. ಷೇರು ಕೊಟ್ಟು ಹಣ ಪಡೆದರೆ ಕಂತಿನ ಕಾಟವಿಲ್ಲ. ನಷ್ಟವನ್ನು ಹಣ ಹಾಕಿದವನೂ ಹೊರುತ್ತಾನೆ. ಬದಲಿಗೆ ಲಾಭದಲ್ಲೂ ತೀರ್ಮಾನದಲ್ಲೂ ಅವನಿಗೆ ಪಾಲು ಕೊಡಬೇಕು. ಹೀಗಾಗಿ ಖಚಿತ ಆದಾಯವೂ ಅಡವಿಡಲು ಆಸ್ತಿಯೂ ಇರುವವರು ಸಾಲದತ್ತ ವಾಲುತ್ತಾರೆ. ಅವೆರಡೂ ಇಲ್ಲದವರು ಪಾಲುದಾರರನ್ನು ಹುಡುಕುತ್ತಾರೆ.

ನಮ್ಮ ಜಯನಗರವೇ ಇದಕ್ಕೆ ಸಾಕ್ಷಿ. 1981ರಲ್ಲಿ ಪುಣೆಯಲ್ಲಿ 10,000 ರೂಪಾಯಿಯಿಂದ ಆರಂಭವಾದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದು, ಜಯನಗರದ ಬಾಡಿಗೆ ಮನೆಯಲ್ಲಿ ಕಚೇರಿ ತೆರೆಯಿತು. ಸಾಫ್ಟ್‌ವೇರ್ ಬರೆಯುವವರ ಬಂಡವಾಳ ಬುದ್ಧಿ, ಅದನ್ನು ಅಡವಿಡಲಾಗದು. ಬೆಳೆಯಲು ಹಣ ಬೇಕಾದಾಗ, 1993ರಲ್ಲಿ ಅದು ಷೇರೊಂದಕ್ಕೆ 95 ರೂಪಾಯಿಯಂತೆ ಸಾರ್ವಜನಿಕರಿಂದ ಬಂಡವಾಳ ಕೇಳಿತು. ಆಗ ಷೇರುಗಳೆಲ್ಲ ಮಾರಾಟವಾಗದೆ, ಮೋರ್ಗನ್ ಸ್ಟಾನ್ಲಿ ಮುಂದೆ ಬಂದು ಶೇ. 13ರಷ್ಟು ಪಾಲು ಕೊಂಡಿತು. ಸ್ಥಾಪಕರ ಒಡೆತನ ಕರಗಿತು, ಕಂಪೆನಿ ಬೆಳೆಯಿತು.

ಇಸ್ಲಾಮೀ ಫಿಕ್‌ಹ್‌ನಲ್ಲಿ ಈ ದಾರಿಗೆ ಮುಶಾರಕ ಎಂಬ ಹೆಸರಿದೆ. ಉದಾಹರಣೆಗೆ, ಬಿಟಿಎಂ ಲೇಔಟ್‌ನಲ್ಲಿ ಬೇಕರಿ ತೆರೆಯಲು ನೀವು 6 ಲಕ್ಷ, ನಿಮ್ಮ ಭಾವ 4 ಲಕ್ಷ ಹಾಕಿದಿರಿ ಎನ್ನೋಣ. ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳಬಹುದು. ನಷ್ಟ ಮಾತ್ರ ಹಾಕಿದ ಹಣದಂತೆ: ನಿಮಗೆ ಶೇ. 60, ಅವರಿಗೆ ಶೇ. 40. ಒಬ್ಬರದು ಹಣ, ಇನ್ನೊಬ್ಬರದು ದುಡಿಮೆಯಾದರೆ ಅದು ಮುದಾರಬ. ಅಲ್ಲಿ ನಷ್ಟವಾದರೆ ಹಣವಂತನ ಹಣ, ದುಡಿದವನ ಶ್ರಮ ಹೋಗುತ್ತದೆ. ಆದರೆ "ತಿಂಗಳಿಗೆ ಇಷ್ಟು ಸಾವಿರ ಖಂಡಿತ" ಎಂದು ಗೊತ್ತುಮಾಡಿದ ಕ್ಷಣವೇ ಅದು ಪಾಲುದಾರಿಕೆಯಲ್ಲ, ಹೆಸರು ಬದಲಿಸಿದ ಬಡ್ಡಿಸಾಲ.

ಹೆಸರಿಗೆ ಮರುಳಾಗುವುದರ ಬೆಲೆ ನಮಗೆ ಗೊತ್ತಿದೆ. ಹಲಾಲ್ ಹೂಡಿಕೆಯೆಂದು ನಂಬಿಸಿದ ಐಎಂಎ 2019ರ ಜೂನ್‌ನಲ್ಲಿ ಕುಸಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿತು. ಮಗಳ ಮದುವೆಗೆಂದು ಇಟ್ಟ ಹಣವೂ ಅದರಲ್ಲಿತ್ತು. ತಿಂಗಳು ತಿಂಗಳೂ ಲಾಭ ಬರುತ್ತಿದ್ದಾಗ, ಅದು ಯಾವ ವ್ಯಾಪಾರದ್ದು, ಲೆಕ್ಕಪತ್ರ ಎಲ್ಲಿದೆ ಎಂದು ಕೇಳಿದವರು ಕಡಿಮೆ.

ಆದ್ದರಿಂದ ಸಹೋದರ ಸಹೋದರಿಯರೇ, ಹಣ ಹಾಕುವ ಮುನ್ನ ಮೂರು ಪ್ರಶ್ನೆ ಕೇಳೋಣ: ವ್ಯಾಪಾರ ಯಾವುದು? ನಷ್ಟ ಯಾರದ್ದು? ಲೆಕ್ಕ ನೋಡುವ ಹಕ್ಕು ನಮಗಿದೆಯೇ? ಬಡ್ಡಿಯನ್ನು ನಿಷೇಧಿಸಿದ ಅಲ್‌ಬಕರ ಅಧ್ಯಾಯವೇ ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ನಿಲ್ಲಿಸಿ ಎಂದೂ ಆದೇಶಿಸುತ್ತದೆ. ಪಾಲುದಾರಿಕೆಯಲ್ಲೂ ಅದೇ ಎಚ್ಚರ ಇರಲಿ. ಭಾವನ ಜೊತೆಗಾದರೂ ಕಾಗದ ಮಾಡಿಕೊಳ್ಳಿ. ವ್ಯಾಪಾರವೂ ಉಳಿಯುತ್ತದೆ, ನೆಂಟಸ್ತಿಕೆಯೂ ಉಳಿಯುತ್ತದೆ.