ಕಿಸೆಯಲ್ಲೊಂದು ಕಿಡಿ

ರಾತ್ರಿ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು, ಬೆಳಗಾಗುತ್ತಲೇ ಅದನ್ನು ಕೆದಕಿ ಊದಿ ಉರಿಯೆಬ್ಬಿಸುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಬಹುಕಾಲ ಇದ್ದಿತು. ಕೆಂಡ ಆರಿಹೋದ ದಿನ ನೆರೆಮನೆಗೆ ಹೋಗಿ ಬೇಡಿ ತರಬೇಕಾಗುತ್ತಿತ್ತು. ಇರುವ ಬೆಂಕಿಯನ್ನು ಕಾಪಾಡುವುದು ಸುಲಭ, ಇಲ್ಲದ ಬೆಂಕಿಯನ್ನು ಹುಟ್ಟಿಸುವುದು ಕಷ್ಟ ಎಂಬುದೇ ಇದರ ಅರ್ಥ. ಆ ಕಷ್ಟವನ್ನು ಹೆಬ್ಬೆರಳಿನ ಒಂದು ತಿರುವಿಗೆ ಇಳಿಸಿದ ಸಾಧನವೇ ಲೈಟರು. ಇಂದು ಬೀಡಾ ಅಂಗಡಿಯಲ್ಲಿ ಕೆಲವೇ ರೂಪಾಯಿಗಳಿಗೆ ದೊರೆಯುವ ಈ ವಸ್ತುವಿನ ಹಿಂದೆ ರಸಾಯನಶಾಸ್ತ್ರ, ಭೌತಶಾಸ್ತ್ರ, ಎರಡು ಮಹಾಯುದ್ಧಗಳು, ತಿರುವಾಂಕೂರಿನ ಕಡಲತೀರದ ಮರಳು ಎಲ್ಲವೂ ಸೇರಿಕೊಂಡಿವೆಯೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ಯಾವ ಲೈಟರಿಗಾದರೂ ಮೂರು ಅಂಗಗಳು ಬೇಕು: ಕಿಡಿಯನ್ನು ಹುಟ್ಟಿಸುವ ಉಪಾಯ, ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುವ ಇಂಧನ, ಹೊತ್ತಿದ ಜ್ವಾಲೆಯನ್ನು ಗಾಳಿಯಿಂದ ಕಾಪಾಡುವ ಕವಚ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಕಠಿನವಾಗಿ ಪರಿಣಮಿಸಿತು. ಆದಕಾರಣ ಮೊದಲು ಕಿಡಿಯ ವಿಚಾರವನ್ನು ನೋಡೋಣ.

ಚಕಮಕಿಯ ಗುಟ್ಟು

ಚಕಮಕಿ ಕಲ್ಲಿಗೆ ಉಕ್ಕನ್ನು ಹೊಡೆದರೆ ಕಿಡಿ ಹಾರುತ್ತದೆ. ಕಿಡಿ ಕಲ್ಲಿನೊಳಗೆ ಅಡಗಿದೆಯೆಂದೇ ಜನ ಬಹುಕಾಲ ಭಾವಿಸಿದ್ದರು. ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು ಆ ಕಿಡಿಗಳನ್ನು ಬಿಳಿಯ ಕಾಗದದ ಮೇಲೆ ಬೀಳಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದನು. ಅಲ್ಲಿ ಅವನಿಗೆ ಕಂಡದ್ದು ಕರಗಿ ಗುಂಡಗಾದ ಉಕ್ಕಿನ ಕಣಗಳು. ಈ ಸಂಗತಿಯನ್ನು ಅವನು ೧೬೬೫ರಲ್ಲಿ ಪ್ರಕಟವಾದ ತನ್ನ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ವಿವರಿಸಿದ್ದಾನೆ. ಕಲ್ಲು ಉಳಿಯಂತೆ ಉಕ್ಕನ್ನು ಕೆತ್ತುತ್ತದೆ. ಉರಿಯುವುದು ಕಲ್ಲಲ್ಲ, ಕೆತ್ತಿಬಿದ್ದ ಉಕ್ಕಿನ ಕಣ.

ಕಬ್ಬಿಣದ ಮೊಳೆ ಗಾಳಿಯಲ್ಲಿ ಉರಿಯುವುದಿಲ್ಲವಷ್ಟೆ? ಅದರ ಕಣವೇಕೆ ಉರಿಯಬೇಕು? ಒಂದು ಸೆಂಟಿಮೀಟರು ಉದ್ದ, ಅಗಲ, ಎತ್ತರವುಳ್ಳ ಘನವೊಂದರ ಮೇಲ್ಮೈ ೬ ಚದರ ಸೆಂಟಿಮೀಟರು. ಅದನ್ನೇ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಅಳತೆಯ ಹತ್ತು ಲಕ್ಷ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ ೬೦೦ ಚದರ ಸೆಂಟಿಮೀಟರು ಆಗುತ್ತದೆ. ಲೋಹದ ತೂಕ ಅಷ್ಟೇ, ಆದರೆ ಆಮ್ಲಜನಕ ತಾಗುವ ಜಾಗ ನೂರು ಪಟ್ಟು. ಅಲ್ಲದೆ ಕೆತ್ತುವಾಗ ಹುಟ್ಟಿದ ಶಾಖವು ಹರಡಿಹೋಗಲು ಆ ಕಣದಲ್ಲಿ ಸ್ಥಳವೇ ಇಲ್ಲ. ಹೀಗಾಗಿ ಅದು ಕ್ಷಣಮಾತ್ರದಲ್ಲಿ ಕಾದು ಹೊತ್ತಿಕೊಳ್ಳುತ್ತದೆ.

ಆದರೆ ಉಕ್ಕಿನ ಕಿಡಿ ದುರ್ಬಲವಾದುದು. ಅದನ್ನು ಹತ್ತಿಯ ಅರಳೆಗೋ ಸುಟ್ಟ ಬಟ್ಟೆಗೋ ತಾಗಿಸಿ, ಊದಿ, ಬಳಿಕ ಉರಿಯನ್ನು ಪಡೆಯಬೇಕಾಗಿತ್ತು. ಮಳೆಗಾಲದಲ್ಲಿ ಇದು ಎಷ್ಟು ಪ್ರಯಾಸದ ಕೆಲಸವೆಂಬುದನ್ನು ಊಹಿಸಬಹುದು.

ಮೇಜಿನ ಮೇಲಿನ ರಸಾಯನಶಾಲೆ

ಕಿಡಿಯಿಲ್ಲದೆಯೇ ಬೆಂಕಿಯನ್ನು ಪಡೆಯುವ ವಿಚಿತ್ರ ಉಪಾಯವೊಂದನ್ನು ೧೮೨೩ರಲ್ಲಿ ಜರ್ಮನಿಯ ಯೇನಾ ನಗರದ ಪ್ರಾಧ್ಯಾಪಕ ಯೋಹಾನ್ ವೋಲ್ಫ್‌ಗಾಂಗ್ ಡೋಬರೈನರ್ ಕಂಡುಹಿಡಿದನು. ಗಾಜಿನ ಜಾಡಿಯಲ್ಲಿ ಸಾರಗುಂದಿಸಿದ ಗಂಧಕಾಮ್ಲ. ಅದರೊಳಗೆ ಬೋರಲಾಗಿ ಇಳಿಬಿಟ್ಟ ಗಾಜಿನ ಗಂಟೆ. ಗಂಟೆಯೊಳಗೆ ತೂಗುಬಿಟ್ಟ ಸತುವಿನ ತುಂಡು. ಆಮ್ಲವು ಸತುವನ್ನು ಮುಟ್ಟಿದಾಗ ಜಲಜನಕವು ಹುಟ್ಟುತ್ತದೆ. ಮೇಲಿನ ಕೊಳಾಯಿಯನ್ನು ತಿರುವಿದರೆ ಆ ಅನಿಲವು ಸಣ್ಣ ಮೂತಿಯಿಂದ ಹೊರಟು, ಎದುರಿಗಿರುವ ಸ್ಪಂಜಿನಂತಹ ಪ್ಲಾಟಿನಮ್ಮಿಗೆ ತಾಗುತ್ತದೆ. ಪ್ಲಾಟಿನಮ್ಮು ಕೆಂಪಗೆ ಕಾಯುತ್ತದೆ, ಜಲಜನಕ ಹೊತ್ತಿಕೊಳ್ಳುತ್ತದೆ. ಕೊಳಾಯಿಯನ್ನು ಮುಚ್ಚಿದರೆ ಗಂಟೆಯೊಳಗೆ ಕೂಡಿಕೊಂಡ ಅನಿಲವೇ ಆಮ್ಲವನ್ನು ಕೆಳಕ್ಕೆ ಒತ್ತಿ ಸತುವಿನಿಂದ ದೂರಮಾಡುತ್ತದೆ. ಕ್ರಿಯೆ ತಾನಾಗಿ ನಿಲ್ಲುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಿಪ್ಪನ ಉಪಕರಣವನ್ನು ಕಂಡವರಿಗೆ ಈ ತತ್ತ್ವವು ಪರಿಚಿತವೇ ಆಗಿರುತ್ತದೆ.

ಇಲ್ಲಿ ಪ್ಲಾಟಿನಮ್ಮು ವ್ಯಯವಾಗುವುದಿಲ್ಲ, ಕೇವಲ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಇಂತಹ ವರ್ತನೆಗೆ ಸ್ವೀಡನ್ನಿನ ಬರ್ಜೀಲಿಯಸ್ಸನು ೧೮೩೫ರಲ್ಲಿ ‘ಕೆಟಾಲಿಸಿಸ್’ ಎಂದು ಹೆಸರಿಟ್ಟನು. ಡೋಬರೈನರನು ತನ್ನ ದೀಪಕ್ಕೆ ಪೇಟೆಂಟನ್ನು ಪಡೆಯಲಿಲ್ಲ. ಇತರರು ಅದನ್ನು ಚಿತ್ರವಿಚಿತ್ರವಾಗಿ ಅಲಂಕರಿಸಿ ಮಾರಿದರು. ಚುಟ್ಟಾ ಸೇದುವವರ ಮೇಜಿನ ಮೇಲೆ ಅದು ದಶಕಗಳವರೆಗೆ ರಾರಾಜಿಸಿತು. ಆದರೆ ಆಮ್ಲದ ಜಾಡಿಯನ್ನು ಕಿಸೆಯಲ್ಲಿ ಇಟ್ಟುಕೊಳ್ಳುವುದೆಂತು? ಅಷ್ಟರಲ್ಲಿ, ೧೮೨೬ರಲ್ಲಿ, ಇಂಗ್ಲೆಂಡಿನ ಔಷಧ ವ್ಯಾಪಾರಿ ಜಾನ್ ವಾಕರನು ಉಜ್ಜಿದರೆ ಹೊತ್ತುವ ಕಡ್ಡಿಯನ್ನು ಕಂಡುಹಿಡಿದಿದ್ದನು. ಅಗ್ಗದ ಬೆಂಕಿಕಡ್ಡಿಯು ಮುಂದಿನ ಮುಕ್ಕಾಲು ಶತಮಾನವನ್ನು ಆಳಿತು.

ಕಸದಿಂದ ಬಂದ ಕಿಡಿ

ಲೈಟರಿನ ನಿಜವಾದ ಚರಿತ್ರೆ ಆರಂಭವಾಗುವುದು ಆಸ್ಟ್ರಿಯದ ಕಾರ್ಲ್ ಔಅರ್ ಫಾನ್ ವೆಲ್ಸ್‌ಬಾಖ್ ಎಂಬ ರಸಾಯನಶಾಸ್ತ್ರಜ್ಞನಿಂದ. ೧೮೫೮ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಇವನು ಹೈಡಲ್‌ಬರ್ಗಿನಲ್ಲಿ ಬುನ್ಸನ್ನನ ಶಿಷ್ಯನಾಗಿದ್ದನು. ಒಂದೇ ಮೂಲವಸ್ತುವೆಂದು ಎಲ್ಲರೂ ನಂಬಿದ್ದ ‘ಡಿಡಿಮಿಯಂ’ ಎಂಬುದನ್ನು ೧೮೮೫ರಲ್ಲಿ ಪ್ರೇಸಿಯೋಡಿಮಿಯಂ ಮತ್ತು ನಿಯೋಡಿಮಿಯಂ ಎಂಬ ಎರಡು ಧಾತುಗಳಾಗಿ ಬೇರ್ಪಡಿಸಿದವನು ಇವನೇ. ಮದುವೆಯ ಚಪ್ಪರದಲ್ಲಿಯೂ ಯಕ್ಷಗಾನದ ರಂಗಸ್ಥಳದಲ್ಲಿಯೂ ಪೆಟ್ರೋಮ್ಯಾಕ್ಸ್ ದೀಪದ ಬೆಳ್ಳನೆಯ ಬೆಳಕನ್ನು ಕಂಡವರು ಅದರೊಳಗಿನ ಮ್ಯಾಂಟಲನ್ನು ಬಲ್ಲರು. ಆ ಬಲೆಯನ್ನು ಕಂಡುಹಿಡಿದವನೂ ಇವನೇ. ನೂರಕ್ಕೆ ೯೯ ಪಾಲು ಥೋರಿಯಂ ಆಕ್ಸೈಡಿಗೆ ೧ ಪಾಲು ಸೀರಿಯಂ ಆಕ್ಸೈಡನ್ನು ಬೆರೆಸಿದ ಅವನ ಮ್ಯಾಂಟಲು ೧೮೯೧ರಿಂದ ಯೂರೋಪಿನ ಬೀದಿಗಳನ್ನು ಬೆಳಗಿತು.

ಥೋರಿಯಂ ದೊರೆಯುವುದು ಮೋನಜೈಟ್ ಎಂಬ ಖನಿಜದಲ್ಲಿ. ಮೊದಲು ಬ್ರೆಜಿಲ್ಲಿನಿಂದ ಬರುತ್ತಿದ್ದ ಈ ಖನಿಜವು ತಿರುವಾಂಕೂರಿನ ಕಡಲತೀರದಲ್ಲಿಯೂ ಹೇರಳವಾಗಿದೆಯೆಂಬುದು ೧೯೦೯ರಲ್ಲಿ ತಿಳಿದುಬಂದಿತು. ಅಲ್ಲಿಂದ ಹಡಗೇರಿದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳನ್ನು ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ಪರೀಕ್ಷಿಸಿದುದೇ ಇದಕ್ಕೆ ಕಾರಣ.

ಮೋನಜೈಟಿನಲ್ಲಿ ಥೋರಿಯಂ ಇರುವುದು ಅಲ್ಪ ಪ್ರಮಾಣ. ಅರ್ಧಕ್ಕಿಂತ ಹೆಚ್ಚಿನ ಭಾಗ ಸೀರಿಯಂ ಮತ್ತು ಅದರ ಬಂಧುಗಳಾದ ಧಾತುಗಳ ಆಕ್ಸೈಡುಗಳು. ಮ್ಯಾಂಟಲಿಗೆ ಬೇಕಾದುದನ್ನು ತೆಗೆದುಕೊಂಡ ಮೇಲೆ ಉಳಿದದ್ದು ಕಾರ್ಖಾನೆಯ ಹಿತ್ತಲಿನಲ್ಲಿ ರಾಶಿಯಾಗುತ್ತಿತ್ತು. ವೆಲ್ಸ್‌ಬಾಖನು ಆ ಕಸವನ್ನು ಬಿಸಾಡಲಿಲ್ಲ. ಅದರಿಂದ ಪಡೆದ ಸೀರಿಯಂ ಲೋಹಕ್ಕೆ ನೂರಕ್ಕೆ ಸುಮಾರು ೩೦ ಪಾಲು ಕಬ್ಬಿಣವನ್ನು ಬೆರೆಸಿ, ಆ ಮಿಶ್ರಲೋಹಕ್ಕೆ ೧೯೦೩ರಲ್ಲಿ ಪೇಟೆಂಟನ್ನು ಪಡೆದನು. ಇದರ ಹೆಸರು ಫೆರೋಸೀರಿಯಂ. ಸೀರಿಯಂ ಬರಿದೇ ಇದ್ದರೆ ಮೆತ್ತಗಿರುತ್ತದೆ. ಕಬ್ಬಿಣ ಸೇರಿದರೆ ಪೆಡಸಾಗಿ, ಗೀರಿದಾಗ ಪುಡಿಯಾಗಿ ಹಾರುತ್ತದೆ. ಸೀರಿಯಂ ಗಾಳಿಯಲ್ಲಿ ಸುಮಾರು ೧೫೦ರಿಂದ ೧೮೦ ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಹೊತ್ತಿಕೊಳ್ಳುವುದರಿಂದ ಕಿಡಿಗಳು ಧಾರಾಳವಾಗಿಯೂ ಪ್ರಖರವಾಗಿಯೂ ಬರುತ್ತವೆ. ಈ ಲೋಹವನ್ನು ತಯಾರಿಸಲು ಅವನು ೧೯೦೭ರಲ್ಲಿ ಆಸ್ಟ್ರಿಯದ ಟ್ರೈಬಾಖ್ ಎಂಬಲ್ಲಿ ಸಂಸ್ಥೆಯನ್ನು ಸ್ಥಾಪಿಸಿದನು.

ಲೈಟರಿನೊಳಗಿನ ‘ಕಲ್ಲು’ ಕಲ್ಲೇ ಅಲ್ಲ, ಲೋಹ ಎಂಬುದನ್ನು ವಾಚಕರು ಗಮನಿಸಬೇಕು. ಚಕಮಕಿಯಲ್ಲಿ ಕಲ್ಲು ಕೆತ್ತುತ್ತದೆ, ಉಕ್ಕು ಉರಿಯುತ್ತದೆ. ಲೈಟರಿನಲ್ಲಿ ಉಕ್ಕಿನ ಹಲ್ಲುಚಕ್ರ ಕೆತ್ತುತ್ತದೆ, ‘ಕಲ್ಲು’ ಉರಿಯುತ್ತದೆ. ಪಾತ್ರಗಳು ಅದಲುಬದಲಾಗಿವೆ.

ತಯಾರಕರ ಸಾಲು

ಕಿಡಿಯ ಸಮಸ್ಯೆ ಬಗೆಹರಿದ ಮೇಲೆ ತಯಾರಕರು ಸಾಲುಗಟ್ಟಿದರು. ೧೯೧೪ರಲ್ಲಿ ಆರಂಭವಾದ ಮೊದಲ ಮಹಾಯುದ್ಧದ ಕಂದಕಗಳಲ್ಲಿ ಬೆಂಕಿಕಡ್ಡಿಯು ಸದಾ ಒದ್ದೆಯಾಗುತ್ತಿತ್ತು. ಸೈನಿಕರು ಸಿಡಿದ ತೋಟೆಯ ಹಿತ್ತಾಳೆ ಕೊಳವೆಗಳಿಂದ ತಾವೇ ಲೈಟರುಗಳನ್ನು ಮಾಡಿಕೊಂಡರು. ಇವು ಇಂದು ಸಂಗ್ರಾಹಕರಿಗೆ ಬಲು ಪ್ರಿಯ. ವಿಯೆನ್ನಾದ ಇಮ್ಕೋ ಸಂಸ್ಥೆಯು ೧೯೦೭ರಲ್ಲಿ ಹುಟ್ಟಿದುದು ಗುಂಡಿಗಳನ್ನು ತಯಾರಿಸಲಿಕ್ಕೆಂದು. ಯುದ್ಧದ ತರುವಾಯ ಅದು ಲೈಟರಿಗೆ ತಿರುಗಿತು. ತೆಳುತಗಡಿನ ಅದರ ಸರಳ ಲೈಟರುಗಳು ೨೦೧೨ರಲ್ಲಿ ಕಾರ್ಖಾನೆ ನಿಲ್ಲುವವರೆಗೂ ಹೆಚ್ಚು ಬದಲಾವಣೆಯಿಲ್ಲದೆ ನಡೆದುಬಂದವು.

ಲಂಡನ್ನಿನ ಡನ್‌ಹಿಲ್ ಸಂಸ್ಥೆಯು ೧೯೨೦ರ ದಶಕದಲ್ಲಿ ಶ್ರೀಮಂತರಿಗಾಗಿ ಬೆಳ್ಳಿಬಂಗಾರದ ಲೈಟರುಗಳನ್ನು ಹೊರತಂದಿತು. ಅದರ ಮೊತ್ತಮೊದಲ ಮಾದರಿಯನ್ನು ಸಾಸಿವೆಪುಡಿಯ ಡಬ್ಬಿಯಲ್ಲಿ ರಚಿಸಲಾಗಿತ್ತೆಂದು ಹೇಳುತ್ತಾರೆ. ಅಮೆರಿಕದ ನೆವಾರ್ಕಿನಲ್ಲಿ ಲೂಯಿ ಅರಾನ್‌ಸನ್ನನ ರಾನ್‌ಸನ್ ಸಂಸ್ಥೆಯು ೧೯೨೬ರಲ್ಲಿ ‘ಬ್ಯಾಂಜೊ’ ಎಂಬ ಲೈಟರನ್ನು ಹೊರತಂದಿತು. ಸನ್ನೆಯನ್ನು ಒತ್ತಿದರೆ ಹೊತ್ತುವುದು, ಬಿಟ್ಟರೆ ಆರುವುದು. ಒಂದೇ ಕೈ ಸಾಕು.

ಎಲ್ಲಕ್ಕಿಂತ ಪ್ರಸಿದ್ಧವಾದುದು ಜಿಪ್ಪೊ. ಪೆನ್ಸಿಲ್ವೇನಿಯಾದ ಬ್ರ್ಯಾಡ್‌ಫರ್ಡಿನಲ್ಲಿ ಜಾರ್ಜ್ ಬ್ಲೇಸ್‌ಡೆಲ್ಲನು ಆಸ್ಟ್ರಿಯದ ಲೈಟರೊಂದನ್ನು ತಿದ್ದಿ, ೧೯೩೩ರ ಆರಂಭದಲ್ಲಿ ೧.೯೫ ಡಾಲರಿಗೆ ಮಾರಲು ತೊಡಗಿದನು. ೧೯೩೬ರಲ್ಲಿ ಪೇಟೆಂಟು ದೊರೆಯಿತು. ಇದರ ವೈಶಿಷ್ಟ್ಯವು ಬತ್ತಿಯ ಸುತ್ತಲಿನ ತೂತುಗಳುಳ್ಳ ಗೋಡೆಯಲ್ಲಿದೆ. ರಭಸದ ಗಾಳಿ ಅದಕ್ಕೆ ಬಡಿದು ಒಡೆಯುತ್ತದೆ. ಉರಿಗೆ ಬೇಕಾದಷ್ಟು ಗಾಳಿ ಮಾತ್ರ ತೂತುಗಳಿಂದ ನುಸುಳುತ್ತದೆ. ಒಳಗೆ ತುರುಕಿದ ಹತ್ತಿಯು ದ್ರವ ಇಂಧನವನ್ನು ಹೀರಿಟ್ಟುಕೊಳ್ಳುತ್ತದೆ. ದೀಪದ ಬತ್ತಿಗೆ ಎಣ್ಣೆ ಏರುವಂತೆಯೇ ಅದು ಬತ್ತಿಗೆ ಏರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಸೇರಿದ ಮೇಲೆ ಸಂಸ್ಥೆಯ ಉತ್ಪಾದನೆಯೆಲ್ಲವೂ ಸೈನ್ಯಕ್ಕೆ ಮೀಸಲಾಯಿತು. ಹಿತ್ತಾಳೆಯ ಅಭಾವದಿಂದ ಉಕ್ಕಿನಲ್ಲಿ ಮಾಡಿ ಕಪ್ಪು ಬಣ್ಣ ಬಳಿದ ಆ ಕಾಲದ ಲೈಟರುಗಳು ಈಗ ದುಬಾರಿ ವಸ್ತುಗಳು.

ಭಾರತದ ರಾಜಮನೆತನವೂ ಈ ಚರಿತ್ರೆಯಲ್ಲಿ ಇಣುಕುತ್ತದೆ. ಪ್ಯಾರಿಸ್ಸಿನ ಎಸ್. ಟಿ. ಡುಪಾನ್ ಸಂಸ್ಥೆಯು ತನ್ನ ಮೊದಲ ಲೈಟರನ್ನು ೧೯೪೧ರಲ್ಲಿ ಪಟಿಯಾಲದ ಮಹಾರಾಜರ ಬೇಡಿಕೆಯ ಮೇರೆಗೆ ತಯಾರಿಸಿತೆಂದು ಆ ಸಂಸ್ಥೆಯ ಚರಿತ್ರೆ ಹೇಳುತ್ತದೆ.

ದ್ರವವಾದ ಅನಿಲ

ದ್ರವ ಇಂಧನದ ಲೈಟರಿಗೆ ಒಂದು ದೋಷ ಉಂಟು. ಬಳಸದಿದ್ದರೂ ಇಂಧನವು ಆವಿಯಾಗಿ ಹೋಗುತ್ತದೆ. ಎರಡನೆಯ ಮಹಾಯುದ್ಧದ ತರುವಾಯ ಬ್ಯೂಟೇನ್ ಅನಿಲದ ಲೈಟರುಗಳು ಬಳಕೆಗೆ ಬಂದು ಈ ದೋಷವನ್ನು ನಿವಾರಿಸಿದವು. ಬ್ಯೂಟೇನಿನ ಕುದಿಬಿಂದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಕೋಣೆಯ ಉಷ್ಣತೆಯಲ್ಲಿ ಎರಡು ವಾಯುಭಾರಕ್ಕಿಂತ ಸ್ವಲ್ಪ ಹೆಚ್ಚಿನ ಒತ್ತಡವಿದ್ದರೆ ಸಾಕು, ಅದು ದ್ರವವಾಗಿಯೇ ಇರುತ್ತದೆ. ಆದುದರಿಂದ ತೆಳುವಾದ ಪ್ಲಾಸ್ಟಿಕ್ ಗೂಡಿನಲ್ಲಿಯೂ ಅದನ್ನು ತುಂಬಿಡಬಹುದು.

ಇಲ್ಲೊಂದು ಸ್ವಾರಸ್ಯವಿದೆ. ಸೈಕಲ್ಲಿನ ಗಾಲಿಯಿಂದ ಗಾಳಿ ಸೋರಿದಂತೆಲ್ಲ ಒತ್ತಡ ಇಳಿಯುತ್ತದೆ. ಬ್ಯೂಟೇನಿನ ಲೈಟರಿನಲ್ಲಿ ಹಾಗಾಗುವುದಿಲ್ಲ. ಒಂದಿಷ್ಟು ಆವಿ ಹೊರಗೆ ಹೋದೊಡನೆ ಅಷ್ಟೇ ದ್ರವ ಆವಿಯಾಗಿ ಅದರ ಸ್ಥಾನವನ್ನು ತುಂಬುತ್ತದೆ. ದ್ರವದ ಕೊನೆಯ ಹನಿ ಇರುವವರೆಗೂ ಜ್ವಾಲೆ ಒಂದೇ ಸಮನಾಗಿರುವುದಕ್ಕೆ ಇದೇ ಕಾರಣ. ಆದರೆ ಈ ಒತ್ತಡವು ಉಷ್ಣತೆಯೊಡನೆ ಏರುತ್ತದೆ. ೬೦ ಡಿಗ್ರಿಯಲ್ಲಿ ಅದು ಆರು ವಾಯುಭಾರವನ್ನು ಮೀರುತ್ತದೆ. ಬಿಸಿಲಿನಲ್ಲಿ ನಿಂತ ಮೋಟಾರಿನೊಳಗೆ ಲೈಟರನ್ನು ಬಿಟ್ಟುಹೋಗಬಾರದೆಂಬ ಎಚ್ಚರಿಕೆಯು ಬರಿಯ ಮಾತಲ್ಲ. ಫ್ರಾನ್ಸಿನ ಬಿಕ್ ಸಂಸ್ಥೆಯು ೧೯೭೩ರಲ್ಲಿ ಬಳಸಿ ಎಸೆಯುವ ಲೈಟರನ್ನು ತಂದ ಮೇಲೆ ಇವು ಮಕ್ಕಳ ಕೈಗೂ ಎಟುಕಿ ಅನಾಹುತಗಳಾದವು. ೧೯೯೪ರಿಂದ ಅಮೆರಿಕದಲ್ಲಿ ಇಂತಹ ಲೈಟರುಗಳು ಚಿಕ್ಕ ಮಕ್ಕಳ ಕೈಯಲ್ಲಿ ಸುಲಭವಾಗಿ ಹೊತ್ತದಂತಿರಬೇಕೆಂಬ ನಿಯಮ ಜಾರಿಗೆ ಬಂದಿತು.

ಕಲ್ಲೂ ಬೇಡವಾದಾಗ

೧೮೮೦ರಲ್ಲಿ ಪಿಯೇರ್ ಮತ್ತು ಜಾಕ್ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದಾಗ ಅವುಗಳ ಮುಖಗಳಲ್ಲಿ ವಿದ್ಯುತ್ತು ಕಾಣಿಸಿಕೊಳ್ಳುವುದನ್ನು ಕಂಡುಹಿಡಿದರು. ಅದೇ ಪೀಜೋ ವಿದ್ಯುತ್ತು. ನಮ್ಮ ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ‘ಟಕ್’ ಎಂದು ಕೇಳುವುದು ಸ್ಪ್ರಿಂಗಿನ ಬಲದಿಂದ ಪುಟ್ಟ ಸುತ್ತಿಗೆಯೊಂದು ಇಂತಹ ಪಿಂಗಾಣಿಯ ತುಂಡಿಗೆ ಬಡಿಯುವ ಸದ್ದು. ಆ ಕ್ಷಣದಲ್ಲಿ ಸಾವಿರಾರು ವೋಲ್ಟುಗಳ ವಿದ್ಯುತ್ತು ಹುಟ್ಟುತ್ತದೆ. ಒಂದು ಮಿಲಿಮೀಟರು ಗಾಳಿಯನ್ನು ಭೇದಿಸಲು ಸುಮಾರು ೩,೦೦೦ ವೋಲ್ಟು ಸಾಕಾಗುವುದರಿಂದ ಕಿಡಿ ಜಿಗಿಯುತ್ತದೆ. ಸವೆಯುವ ಕಲ್ಲಿಲ್ಲ, ಬ್ಯಾಟರಿಯೂ ಇಲ್ಲ. ಹೆಬ್ಬೆರಳಿನ ಶ್ರಮವೇ ಕಿಡಿಯಾಗುತ್ತದೆ.

ಕಡ್ಡಿಪೆಟ್ಟಿಗೆಯ ಕಲಹ

ಲೈಟರಿಗೆ ಗಾಳಿಗಿಂತ ದೊಡ್ಡ ವೈರಿ ಸರಕಾರಗಳು. ಬೆಂಕಿಕಡ್ಡಿಯ ಮಾರಾಟವೇ ಸರಕಾರದ ಸ್ವಾಮ್ಯವಾಗಿದ್ದ ಫ್ರಾನ್ಸಿನಲ್ಲಿ ಲೈಟರಿಗೆ ತೆರಿಗೆಯ ಮುದ್ರೆ ಇರಬೇಕಾಗಿತ್ತು. ಪೋರ್ತುಗಲ್ಲಿನಲ್ಲಿ ೧೯೩೭ರಿಂದ ೧೯೭೦ರವರೆಗೆ ಲೈಟರನ್ನು ಬಳಸಲು ಪರವಾನಗಿ ಪತ್ರವೇ ಬೇಕಾಗಿತ್ತು. ೨೦೨೩ರ ಜೂನಿನಲ್ಲಿ ಭಾರತ ಸರಕಾರವು ೨೦ ರೂಪಾಯಿಗಿಂತ ಕಡಿಮೆ ಬೆಲೆಯ ಸಿಗರೇಟು ಲೈಟರುಗಳ ಆಮದನ್ನು ನಿಷೇಧಿಸಿತು. ಶಿವಕಾಶಿ, ಕೋವಿಲ್‌ಪಟ್ಟಿಗಳ ಕಡ್ಡಿಪೆಟ್ಟಿಗೆ ಕಾರ್ಖಾನೆಗಳಲ್ಲಿ ದುಡಿಯುವ ಕುಟುಂಬಗಳ ಅನ್ನದ ಪ್ರಶ್ನೆ ಅದರ ಹಿಂದಿದ್ದಿತು. ವಿಜ್ಞಾನದ ಒಂದು ಸೌಕರ್ಯವು ಮತ್ತೊಬ್ಬರ ಕಸುಬನ್ನು ಕಸಿಯಬಹುದೆಂಬುದಕ್ಕೆ ಇದು ನಿದರ್ಶನ.

ಮನೆಯಲ್ಲಿ ಹಿರಿಯರ ಕಾಲದ ಲೈಟರು ಇರುವವರಿಗೆ ಒಂದೆರಡು ಮಾತು. ಬಳಸದೆ ಇಡುವುದಾದರೆ ‘ಕಲ್ಲ’ನ್ನು ಹೊರತೆಗೆದಿಡಬೇಕು. ಸೀರಿಯಂ ತೇವದ ಗಾಳಿಯಲ್ಲಿ ಆಕ್ಸೈಡಾಗಿ ಉಬ್ಬಿ ಕೊಳವೆಯಲ್ಲಿ ಕಚ್ಚಿಕೊಳ್ಳುತ್ತದೆ. ಒತ್ತಿ ತಿರುಗಿಸಿದರೆ ಚಕ್ರವೇ ಹಾಳಾದೀತು. ತಳದಲ್ಲಿ ಕೊರೆದ ಪೇಟೆಂಟು ಸಂಖ್ಯೆ, ತಯಾರಕರ ಹೆಸರು ಮತ್ತು ಗುರುತುಗಳೇ ವಯಸ್ಸನ್ನು ತಿಳಿಸುವ ಸಾಕ್ಷಿಗಳು; ಹೊಳಪು ಕೊಡುವ ಉತ್ಸಾಹದಲ್ಲಿ ಅವನ್ನು ಉಜ್ಜಿ ಅಳಿಸಬಾರದು.

ತಂಬಾಕು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದನ್ನು ೧೯೫೦ರಿಂದೀಚೆಗೆ ನಡೆದ ಸಂಶೋಧನೆಗಳು ನಿಸ್ಸಂದೇಹವಾಗಿ ತೋರಿಸಿಕೊಟ್ಟಿವೆ. ಲೈಟರನ್ನು ಬೆಳೆಸಿದ ಚಟವು ಲಕ್ಷಾಂತರ ಜನರ ಪ್ರಾಣವನ್ನು ಕೊಂಡಿತು. ಆದರೆ ಅದರೊಳಗಿನ ತತ್ತ್ವಗಳಿಗೆ ಆ ಕಳಂಕವಿಲ್ಲ. ೧೯೫೨ರಲ್ಲಿ ಕೇರಳದ ಆಲುವಾದಲ್ಲಿ ಆರಂಭವಾದ ಕಾರ್ಖಾನೆಯು ಮೋನಜೈಟಿನಿಂದ ಸೀರಿಯಂ ಬಳಗದ ಧಾತುಗಳ ಲವಣಗಳನ್ನು ಬೇರ್ಪಡಿಸತೊಡಗಿತು. ಒಂದು ಕಾಲಕ್ಕೆ ಹಿತ್ತಲಿಗೆ ಬೀಳುತ್ತಿದ್ದ ಆ ಧಾತುಗಳು ಇಂದು ಗಾಜಿಗೆ ಹೊಳಪು ಕೊಡಲು, ಮೋಟಾರಿನ ಹೊಗೆಯನ್ನು ಶುದ್ಧಗೊಳಿಸಲು, ಬಲವಾದ ಅಯಸ್ಕಾಂತಗಳನ್ನು ಮಾಡಲು ಬೇಕಾಗಿವೆ. ಸಿಗರೇಟು ಆರಿದರೂ ಲೈಟರಿನ ಕಿಡಿ ಒಲೆಯನ್ನೂ ದೀಪವನ್ನೂ ಹೊತ್ತಿಸುತ್ತಲೇ ಇರುತ್ತದೆ.