ಕಡತ ಕಾಯುವ ವಿಜ್ಞಾನ

ಕಚೇರಿಯ ಫೈಲನ್ನು ನಾವು ಈಗ ‘ಕಡತ’ವೆಂದು ಕರೆಯುತ್ತೇವೆ. ಪೂರ್ವದಲ್ಲಿ ಈ ಹೆಸರಿದ್ದ ವಸ್ತುವೇ ಬೇರೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಗಳಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ ಅದೇ ಬಟ್ಟೆಯ ಮೇಲೆ ಪುನಃ ಬರೆಯಬಹುದಾಗಿತ್ತು. ಯಾವುದನ್ನು ಒರಸಬೇಕು, ಯಾವುದನ್ನು ಉಳಿಸಬೇಕು ಎಂಬ ಪ್ರಶ್ನೆ ಅಂದಿನ ಶಾನುಭೋಗನಿಗೂ ಇತ್ತು. ಇಂದಿನ ಕಚೇರಿಗಳಿಗೂ ಇದೆ. ಈ ಪ್ರಶ್ನೆಗೆ ಕ್ರಮಬದ್ಧವಾಗಿ ಉತ್ತರ ಕೊಡುವ ವಿದ್ಯೆಯೇ ದಾಖಲೆ ನಿರ್ವಹಣೆ.

ಉತ್ತರ ತಪ್ಪಿದರೆ ಆಗುವ ನಷ್ಟವೇನು? 1969ರ ಜುಲೈಯಲ್ಲಿ ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲೆ ಕಾಲಿರಿಸಿದಾಗ, ಅಲ್ಲಿಂದ ಬಂದ ಚಿತ್ರಸಂಕೇತಗಳನ್ನು ಭೂಕೇಂದ್ರಗಳಲ್ಲಿ ಕಾಂತೀಯ ಟೇಪುಗಳ ಮೇಲೆ ಗ್ರಹಿಸಿದ್ದರು. ಜಗತ್ತು ನೋಡಿದ ಪ್ರಸಾರಕ್ಕಿಂತ ಈ ಮೂಲಚಿತ್ರವು ಹೆಚ್ಚು ಸ್ಪಷ್ಟವಾಗಿತ್ತು. ಆ ಟೇಪುಗಳನ್ನು ಅಳಿಸಿ ಅನ್ಯ ಕಾರ್ಯಗಳಿಗೆ ಬಳಸಿರಬೇಕೆಂದು ನಾಸಾ ಸಂಸ್ಥೆಯು 2009ರಲ್ಲಿ ತಿಳಿಸಿತು. ಪ್ರಸಾರದ ಪ್ರತಿಗಳು ಉಳಿದಿವೆ. ಮೂಲವು ಮಾತ್ರ ದೊರೆಯಲಿಲ್ಲ. ಚಂದ್ರನನ್ನು ಮುಟ್ಟಬಲ್ಲ ವಿಜ್ಞಾನಕ್ಕೂ ದಫ್ತರದ ಶಿಸ್ತು ಬೇಕೆಂಬುದು ಇದರಿಂದ ಸ್ಪಷ್ಟವಾಗುವುದು.

ನಮ್ಮ ಅವಳಿ ನಗರದಲ್ಲಿ

ಈ ವಿದ್ಯೆಯನ್ನು ಅರಿಯಲು ಹುಬ್ಬಳ್ಳಿ-ಧಾರವಾಡಗಳು ಉತ್ತಮ ಕ್ಷೇತ್ರ. ಪೇಶ್ವೆಯರ ಆಳಿಕೆಯ ತರುವಾಯ ಬಹುಕಾಲ ಮುಂಬಯಿ ಆಡಳಿತದಲ್ಲಿದ್ದು, 1956ರ ನವೆಂಬರ್ 1ರಂದು ಈ ಪ್ರದೇಶವು ಕನ್ನಡನಾಡಿನ ಉಳಿದ ಭಾಗಗಳೊಡನೆ ಒಂದಾಯಿತು. ಆದುದರಿಂದ ಈ ಭಾಗದ ಹಳೆಯ ಕಾಗದಗಳನ್ನು ಓದುವವನಿಗೆ ಕನ್ನಡ, ಇಂಗ್ಲಿಷುಗಳ ಜೊತೆಗೆ ಮರಾಠಿಯೂ ಮೋಡಿ ಲಿಪಿಯೂ ಎದುರಾಗುವುವು. 1939ರಲ್ಲಿ ಸ್ಥಾಪಿತವಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ತಾಳೆಗರಿಯ ಹಸ್ತಪ್ರತಿಗಳಿವೆ. 2003ರಲ್ಲಿ ಹುಬ್ಬಳ್ಳಿಯು ನೈಋತ್ಯ ರೈಲ್ವೆಯ ಕೇಂದ್ರವಾಯಿತು. 2008ರಲ್ಲಿ ಧಾರವಾಡಕ್ಕೆ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ಬಂದು, 2013ರಲ್ಲಿ ಅದು ಕಾಯಂ ಆಯಿತು. ವಿಶ್ವವಿದ್ಯಾಲಯ, ಆಸ್ಪತ್ರೆ, ಬ್ಯಾಂಕು, ಮಹಾನಗರಪಾಲಿಕೆ ಎಲ್ಲವೂ ದಿನದಿನವೂ ದಾಖಲೆಗಳನ್ನು ಹುಟ್ಟಿಸುತ್ತಲೇ ಇವೆ.

ಮೂರು ಕೆಲಸಗಳು

ದಾಖಲೆ ನಿರ್ವಾಹಕನ ಮೊದಲ ಕೆಲಸ ವಿಂಗಡಣೆ. ಎಲ್ಲವನ್ನೂ ಉಳಿಸುವೆವೆಂದರೆ ಬೇಕಾದುದು ಸಿಕ್ಕದು. ಕರ್ನಾಟಕ ಸರಕಾರದ ಕಚೇರಿಗಳಲ್ಲಿ ಮುಗಿದ ಕಡತಗಳನ್ನು ಐದು ವರ್ಗ ಮಾಡುತ್ತಾರೆ: ‘ಎ’ ಶಾಶ್ವತ, ‘ಬಿ’ 30 ವರ್ಷ, ‘ಸಿ’ 10 ವರ್ಷ, ‘ಡಿ’ 5 ವರ್ಷ, ‘ಇ’ 1 ವರ್ಷ. ಅವಧಿ ತೀರಿದುದನ್ನು ಪಟ್ಟಿ ಮಾಡಿ, ಅಪ್ಪಣೆ ಪಡೆದು ನಾಶಮಾಡಬೇಕು. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯು ಪ್ರತಿಯೊಂದು ಇಲಾಖೆಗೂ ಒಬ್ಬ ದಾಖಲೆ ಅಧಿಕಾರಿ ಇರಬೇಕೆಂದು ವಿಧಿಸಿದೆ. ದಾಖಲೆಗಳಿಗೆ ಸೂಚಿಯಿರಬೇಕೆಂದು 2005ರ ಮಾಹಿತಿ ಹಕ್ಕು ಕಾಯಿದೆಯೂ ಹೇಳುವುದು.

ಎರಡನೆಯದು ಸಂರಕ್ಷಣೆ. ಇಲ್ಲಿ ವಿಜ್ಞಾನದ ವಿದ್ಯಾರ್ಥಿಯು ಮನೆಗೆ ಬಂದಂತೆಯೇ ಸರಿ. ಕಾಗದವೆಂದರೆ ಸೆಲ್ಯುಲೋಸಿನ ಉದ್ದನೆಯ ಸರಪಳಿಗಳು. ಆಮ್ಲವೂ ತೇವವೂ ಕೂಡಿದಾಗ ಈ ಸರಪಳಿಗಳು ತುಂಡಾಗುತ್ತವೆ. ಕಾಗದ ಹಳದಿಯಾಗಿ, ಮಡಿಸಿದಲ್ಲಿ ಮುರಿಯುವುದು. ಚಿಂದಿಬಟ್ಟೆಯಿಂದ ಮಾಡಿದ ಹಳೆಯ ಕಾಗದವು, ಮರದ ತಿರುಳಿನಿಂದ ಮಾಡಿ ಪಟಿಕ ಬೆರೆಸಿದ ತರುವಾಯದ ಕಾಗದಕ್ಕಿಂತ ಹೆಚ್ಚು ಕಾಲ ಬಾಳುವುದಕ್ಕೆ ಕಾರಣ ಇದೇ. ಹಳೆಯ ಕಬ್ಬಿಣಾಂಶದ ಶಾಯಿಯಲ್ಲಿಯೂ ಆಮ್ಲವಿರುವುದರಿಂದ ಕೆಲವೆಡೆ ಅಕ್ಷರಗಳೇ ಕಾಗದವನ್ನು ತಿಂದು ತೂತು ಮಾಡುತ್ತವೆ. ಉಷ್ಣತೆಯು 5 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಕ್ಷಯದ ವೇಗ ಸುಮಾರು ಇಮ್ಮಡಿಯಾಗುವುದು. ಗಾಳಿಯ ಸಾಪೇಕ್ಷ ಆರ್ದ್ರತೆ 65ರಿಂದ 70 ಶೇಕಡ ಮೀರಿ ನಿಂತರೆ ಬೂಷ್ಟು ಹತ್ತುವುದು. ಧಾರವಾಡದ ಜಿಟಿಜಿಟಿ ಮಳೆಗಾಲವನ್ನು ಕಂಡವರಿಗೆ ಇದರ ಅರ್ಥ ಬೇರೆ ಹೇಳಬೇಕಾಗಿಲ್ಲ. ಹೀಗಿರುವುದರಿಂದ ಗೋಡೆಗೆ ತಗಲದಂತೆ ಕಪಾಟುಗಳನ್ನಿಡುವುದು, ಗಾಳಿ ಆಡುವಂತೆ ಮಾಡುವುದು, ಗೆದ್ದಲು ನೆಲದಿಂದ ಏರದಂತೆ ನೋಡುವುದು, ಆರ್ದ್ರತಾಮಾಪಕವನ್ನು ದಿನವೂ ಓದಿ ಬರೆದಿಡುವುದು ಈ ವೃತ್ತಿಯ ನಿತ್ಯಕರ್ಮಗಳು.

ಮೂರನೆಯದು ಪ್ರಮಾಣೀಕರಣ, ಎಂದರೆ ದಾಖಲೆಯು ಬದಲಾಗಿಲ್ಲವೆಂದು ತೋರಿಸುವುದು. ಗಣಕಯಂತ್ರದ ಯುಗದಲ್ಲಿ ಇದು ಮುಖ್ಯವಾಗಿದೆ. ಡಿಸ್ಕಿನಲ್ಲಿ ಮಾಹಿತಿಯು ಸೂಕ್ಷ್ಮ ಕಾಂತಕ್ಷೇತ್ರಗಳ ದಿಕ್ಕಾಗಿಯೂ, ಪೆನ್‌ಡ್ರೈವಿನಲ್ಲಿ ಸೆರೆಯಾದ ವಿದ್ಯುದಂಶವಾಗಿಯೂ ಇರುವುದು. ಕಾಲಕ್ರಮದಲ್ಲಿ ದಿಕ್ಕು ಬದಲಾಗಬಹುದು, ವಿದ್ಯುದಂಶ ಸೋರಬಹುದು. ಆದುದರಿಂದ ಪ್ರತಿಗಳನ್ನು ಬೇರೆ ಬೇರೆ ಊರುಗಳಲ್ಲಿಟ್ಟು, ಒಂದೊಂದಕ್ಕೂ ‘ಹ್ಯಾಷ್’ ಎಂಬ ಅಂಕೆಯನ್ನು ಲೆಕ್ಕಹಾಕಿ ಬರೆದಿಡುತ್ತಾರೆ. ಕಡತದಲ್ಲಿ ಒಂದೇ ಅಕ್ಷರ ವ್ಯತ್ಯಾಸವಾದರೂ ಈ ಅಂಕೆ ಪೂರ್ಣವಾಗಿ ಬೇರೆಯಾಗುವುದು. ಅದು ದಾಖಲೆಯ ಬೆರಳಚ್ಚು ಎನ್ನಬಹುದು.

ಅಕ್ಷರವೊಂದರ ಬೆಲೆಯನ್ನು ರೈತನೇ ಬಲ್ಲ. 2000ದ ಸುಮಾರಿನಲ್ಲಿ ‘ಭೂಮಿ’ ಯೋಜನೆಯಿಂದ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದರು. ಪಹಣಿ ಪಡೆಯುವುದು ಸುಲಭವಾಯಿತು. ಆದರೆ ನಕಲು ಮಾಡುವಾಗ ಹೆಸರೋ ಗುಂಟೆಯೋ ತಪ್ಪಿದ್ದರೆ, ತಿದ್ದುವುದಕ್ಕೆ ಆಧಾರವೇನು? ಹಳೆಯ ಕೈಬರಹದ ಪುಸ್ತಕವೇ ಆಧಾರ. ಅದನ್ನು ಗೆದ್ದಲು ತಿಂದಿದ್ದರೆ ರೈತನ ಮಾತಿಗೆ ಸಾಕ್ಷಿಯೇ ಇಲ್ಲವಾಗುವುದು. ದಫ್ತರದ ಕಪಾಟಿನಲ್ಲಿರುವುದು ಬರಿಯ ಧೂಳಿನ ಗಂಟೆಂದು ತಿಳಿಯುವವರು ಇದನ್ನು ನೆನೆಯಬೇಕು.

ಆರಂಭ ಹೇಗೆ?

ಈ ವೃತ್ತಿಗೆ ಇತಿಹಾಸದ ಪದವೀಧರರು ಮಾತ್ರವೇ ಅರ್ಹರೆಂಬ ಭಾವನೆ ಬೇಡ. ರಸಾಯನ, ಭೌತ, ಗಣಕ, ವಾಣಿಜ್ಯ ಯಾವುದನ್ನು ಓದಿದವರಿಗೂ ಇಲ್ಲಿ ಕೆಲಸವುಂಟು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ವಿಭಾಗವಿದೆ. ವರ್ಗೀಕರಣ, ಸೂಚೀಕರಣಗಳ ತಳಹದಿ ಅಲ್ಲಿ ದೊರೆಯುವುದು. ದೆಹಲಿಯ ರಾಷ್ಟ್ರೀಯ ಪತ್ರಾಗಾರವು ನಡೆಯಿಸುವ ಶಾಲೆಯಲ್ಲಿ ಒಂದು ವರ್ಷದ ಡಿಪ್ಲೊಮಾವೂ, ದಾಖಲೆ ನಿರ್ವಹಣೆ, ದುರಸ್ತಿಗಳಂತಹ ವಿಷಯಗಳಲ್ಲಿ ಅಲ್ಪಾವಧಿಯ ಶಿಕ್ಷಣವೂ ಉಂಟು. ಪ್ರವೇಶದ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳತಕ್ಕದ್ದು.

ಮೊದಲ ನೌಕರಿಯು ದೊಡ್ಡ ಹೆಸರಿನದಾಗಿರಲಿಕ್ಕಿಲ್ಲ. ಆಸ್ಪತ್ರೆಯ ದಾಖಲೆ ವಿಭಾಗ, ವಕೀಲರ ಕಚೇರಿ, ಕಾರಖಾನೆಯ ದಫ್ತರ ಇಂತಹ ಎಡೆಗಳಿಂದಲೇ ಆರಂಭಿಸಬೇಕಾಗಬಹುದು. ಧೂಳು, ಏಣಿ, ಪಟ್ಟಿ ಇವುಗಳಿಗೆ ಬೇಸರಪಡದ ಸ್ವಭಾವ ಬೇಕು. ಪರರ ಗುಟ್ಟನ್ನು ಕಾಯುವ ಸಂಯಮ ಅದಕ್ಕಿಂತಲೂ ಹೆಚ್ಚು ಬೇಕು.

ಅಭ್ಯಾಸಕ್ಕೆ ಕಾಲೇಜು ಮುಗಿಯುವವರೆಗೆ ಕಾಯಬೇಕಾಗಿಲ್ಲ. ರಜೆಯಲ್ಲಿ ಮನೆಯ ಪತ್ರಗಳನ್ನು ತೆಗೆಯಿರಿ. ಖರೀದಿಪತ್ರ, ಪಹಣಿ, ಅಂಕಪಟ್ಟಿ, ವಿದ್ಯುತ್ ಬಿಲ್ಲು ಎಂದು ವಿಂಗಡಿಸಿ, ಯಾವುದು ಎಷ್ಟು ವರ್ಷ ಉಳಿಯಬೇಕೆಂದು ಹಿರಿಯರೊಡನೆ ವಿಚಾರಿಸಿ, ಒಂದು ಪಟ್ಟಿ ಮಾಡಿರಿ. ತರುವಾಯ ಬೇರೆಯವರು ಆ ಪಟ್ಟಿಯನ್ನು ಮಾತ್ರ ನೋಡಿ, ಕೇಳಿದ ಕಾಗದವನ್ನು ಒಂದು ನಿಮಿಷದಲ್ಲಿ ತೆಗೆದುಕೊಡಬಲ್ಲರೇ ಎಂದು ಪರೀಕ್ಷಿಸಿರಿ. ಕೊಡಬಲ್ಲರಾದರೆ ಈ ವಿದ್ಯೆಯ ಮೊದಲ ಪಾಠ ನಿಮಗೆ ಕೈವಶವಾಯಿತೆಂದು ತಿಳಿಯಬಹುದು.